ಡಿರೈವೇಟಿವ್ ಅಂದರೆ ಏನು? ಅದರ ರೂಲ್‌ಗಳು ಎಲ್ಲಿಂದ ಬಂದವು?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಉಡುಪಿ ಎಕ್ಸ್‌ಪ್ರೆಸ್ ಹತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ದಾರಿ ಸುಮಾರು 60 ಕಿಲೋಮೀಟರ್. ಒಂದೂವರೆ ಗಂಟೆಯಲ್ಲಿ ಉಡುಪಿ ಮುಟ್ಟಿದಿರಿ. ಅಂದರೆ ಗಂಟೆಗೆ 40 ಕಿಲೋಮೀಟರ್. ಹಾಗಂತ ಬಸ್ಸು ಇಡೀ ದಾರಿ 40ರಲ್ಲೇ ಓಡಿತಾ? ಇಲ್ಲ. ಮೂಲ್ಕಿ ಸೇತುವೆ ದಾಟುವಾಗ 70 ಇತ್ತು. ಪಡುಬಿದ್ರಿಯಲ್ಲಿ ಜನ ಇಳಿಯುವಾಗ ಸೊನ್ನೆ. ಕಾಪು ಬಿಟ್ಟ ಮೇಲೆ ಮತ್ತೆ ಏರಿತು. 40 ಅನ್ನುವುದು ಇಡೀ ದಾರಿಯ ಸರಾಸರಿ. ಡ್ರೈವರ್ ಎದುರಿನ ಮೀಟರಿನ ಮುಳ್ಳು ಹೇಳುವುದು ಬೇರೆಯೇ ಲೆಕ್ಕ: ಈ ಗಳಿಗೆಯಲ್ಲಿ ಎಷ್ಟು? ಆ ಮುಳ್ಳು ತೋರಿಸುವ ಸಂಖ್ಯೆಯೇ ಡಿರೈವೇಟಿವ್. ದೂರ ಎನ್ನುವುದು ಸಮಯದ ಜೊತೆ ಈ ಕ್ಷಣದಲ್ಲಿ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದರ ಅಳತೆ ಅದು.

ಡಿರೈವೇಟಿವ್ ಕಂಡುಹಿಡಿಯುವ ಕೆಲಸಕ್ಕೆ ಕನ್ನಡದಲ್ಲಿ ಅವಕಲನ ಅನ್ನುತ್ತಾರೆ. ನನಗೆ ಅದಕ್ಕಿಂತಲೂ ಇಷ್ಟವಾದ ಇನ್ನೊಂದು ಹಳೆಯ ಮಾತಿದೆ. 1150ರಲ್ಲಿ ಎರಡನೇ ಭಾಸ್ಕರಾಚಾರ್ಯ ಸಿದ್ಧಾಂತ ಶಿರೋಮಣಿ ಬರೆದಾಗ, ಗ್ರಹ ಒಂದು ದಿನದಲ್ಲಿ ಎಷ್ಟು ಸರಿಯುತ್ತದೆ ಅನ್ನುವುದು ಅವನಿಗೆ ಸಾಕಾಗಲಿಲ್ಲ. ಆ ಕ್ಷಣದಲ್ಲಿ ಎಷ್ಟು ವೇಗ ಅಂತ ಬೇಕಿತ್ತು. ಅದಕ್ಕೆ ಅವನು ಕೊಟ್ಟ ಹೆಸರು ತಾತ್ಕಾಲಿಕ ಗತಿ, ಅಂದರೆ ಆ ಹೊತ್ತಿನ ವೇಗ. ಡಿರೈವೇಟಿವ್ ಅನ್ನುವ ಪದದಲ್ಲಿ ಇಲ್ಲದ ಅರ್ಥ ಈ ಎರಡು ಪದಗಳಲ್ಲಿ ತುಂಬಿಕೊಂಡಿದೆ, ಅಲ್ವಾ? ಮುಂದೆ 17ನೇ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಇದನ್ನು ಎಲ್ಲ ಬಗೆಯ ಲೆಕ್ಕಕ್ಕೂ ಒಗ್ಗುವ ಪದ್ಧತಿಯಾಗಿ ಬೆಳೆಸಿದರು. ಡಿರೈವೇಟಿವ್‌ಗೆ ನಾವು ಬಾಯಲ್ಲಿ ಹೇಳುವ ‘ಡಿವೈ ಬೈ ಡಿಎಕ್ಸ್’ ಅನ್ನುವ ಗುರುತು ಲೈಬ್ನಿಟ್ಸ್ ಕೊಟ್ಟದ್ದು.

ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಫಸ್ಟ್ ಪಿಯುಸಿಯಲ್ಲಿ ಲಿಮಿಟ್ಸ್, ಡಿರೈವೇಟಿವ್ಸ್ ಬರುತ್ತದೆ, ಸೆಕೆಂಡ್ ಪಿಯುಸಿಯಲ್ಲಿ ಚೈನ್ ರೂಲ್ ಸೇರಿಕೊಳ್ಳುತ್ತದೆ. ಮಕ್ಕಳು ರೂಲ್‌ಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ದಿನ ಒಂದು ಮರೆತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ರೂಲ್‌ಗಳು ಯಾರೋ ಮೇಲಿಂದ ಹೇರಿದ ಕಾನೂನುಗಳಲ್ಲ. ಒಂದೊಂದನ್ನೂ ಕಣ್ಣಿಂದ ನೋಡಬಹುದು. ನೋಡಿದ್ದನ್ನು ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು.

ಮೊದಲು ಎಕ್ಸ್² ತೆಗೆದುಕೊಳ್ಳೋಣ. ಅಂಗಳದಲ್ಲಿ ಹಪ್ಪಳ ಒಣಗಿಸಲು ಚೌಕದ ಚಾಪೆ ಹಾಸಿದ್ದೀರಿ. ಬದಿ ಎಕ್ಸ್ ಅಡಿ, ಹಾಗಾಗಿ ಜಾಗ ಎಕ್ಸ್² ಚದರ ಅಡಿ. ಚಾಪೆ ಬಲಕ್ಕೂ ಕೆಳಕ್ಕೂ ಒಂಚೂರು ಬೆಳೆಯಿತು ಅಂದುಕೊಳ್ಳಿ. ಹೊಸದಾಗಿ ಏನು ಸೇರಿತು? ಬಲಗಡೆ ಎಕ್ಸ್ ಉದ್ದದ ಒಂದು ಪಟ್ಟಿ, ಕೆಳಗಡೆ ಎಕ್ಸ್ ಉದ್ದದ ಇನ್ನೊಂದು ಪಟ್ಟಿ, ಮೂಲೆಯಲ್ಲಿ ಒಂದು ಪುಟ್ಟ ಚೌಕ. ಎರಡು ಪಟ್ಟಿ ಅಂದರೆ 2ಎಕ್ಸ್. ಎಕ್ಸ್²ನ ಡಿರೈವೇಟಿವ್ 2ಎಕ್ಸ್ ಆಗುವುದು ಇದಕ್ಕೇ.

ಆ ಮೂಲೆ ಚೌಕ ಎಲ್ಲಿ ಹೋಯಿತು? ಸಂಖ್ಯೆ ಹಾಕಿ ನೋಡಿ. ಬದಿ 10 ಇದ್ದಾಗ ಜಾಗ 100. ಬದಿ 10.1 ಆದರೆ 102.01. ಜಾಸ್ತಿಯಾದದ್ದು 2.01, ಅದನ್ನು 0.1ರಿಂದ ಭಾಗಿಸಿದರೆ 20.1. ಬದಿ 10.01 ಆದರೆ ಜಾಗ 100.2001, ಭಾಗಿಸಿದಾಗ 20.01. ಹೆಜ್ಜೆ ಸಣ್ಣದಾದಷ್ಟೂ ಉತ್ತರ 20ರ ಹತ್ತಿರ ಹತ್ತಿರ ಬರುತ್ತದೆ. ಬಾಲದಲ್ಲಿರುವ ಆ 0.1, 0.01 ಮೂಲೆ ಚೌಕದ ಪಾಲು. ಹೆಜ್ಜೆ ಕಿರಿದಾದ ಹಾಗೆ ಅದು ಕರಗುತ್ತದೆ, ಪಟ್ಟಿಗಳು ಉಳಿಯುತ್ತವೆ. ಲಿಮಿಟ್ ಅನ್ನುವ ಪಾಠದ ಜೀವ ಇಲ್ಲಿದೆ. ಈ ಮೂಲೆಯನ್ನು ನೆನಪಿಡಿ, ಮುಂದೆ ಮತ್ತೆ ಸಿಗುತ್ತದೆ.

ಚಾಪೆಯ ಬದಲು ಪೆಟ್ಟಿಗೆಯಾದರೆ ಎಕ್ಸ್³. ಅದು ಮೂರು ಮುಖಗಳಲ್ಲಿ ಬೆಳೆಯುತ್ತದೆ, ಒಂದೊಂದು ಮುಖ ಎಕ್ಸ್². ಹಾಗಾಗಿ 3ಎಕ್ಸ್². ಎಕ್ಸ್‌ನ ಪವರ್ ಎಷ್ಟೇ ಇರಲಿ, ಪವರ್ ಕೆಳಗಿಳಿದು ಮುಂದೆ ಬರುತ್ತದೆ, ಮೇಲೆ ಒಂದು ಕಡಿಮೆಯಾಗುತ್ತದೆ. ಇದು ಪವರ್ ರೂಲ್. ವರ್ಗಮೂಲಕ್ಕೂ ಇದೇ. ಅಲ್ಲಿ ಪವರ್ ಅರ್ಧ, ಆದ್ದರಿಂದ ಎಕ್ಸ್‌ನ ವರ್ಗಮೂಲದ ಡಿರೈವೇಟಿವ್ ಒಂದು ಬೈ ಎರಡು ರೂಟ್ ಎಕ್ಸ್. 25ರ ಹತ್ತಿರ ಇದು 0.1. ಅಂದರೆ 26ರ ವರ್ಗಮೂಲ ಹೆಚ್ಚುಕಮ್ಮಿ 5.1 ಇರಬೇಕು. ಕ್ಯಾಲ್ಕುಲೇಟರ್ ಒತ್ತಿ ನೋಡಿ, 5.099 ತೋರಿಸುತ್ತದೆ. 1/ಎಕ್ಸ್ ಅಂದರೆ ಪವರ್ ಮೈನಸ್ ಒಂದು, ಉತ್ತರ −1/ಎಕ್ಸ್². ಮೈನಸ್ ಯಾಕೆ ಅಂದರೆ ಎಕ್ಸ್ ದೊಡ್ಡದಾದ ಹಾಗೆ 1/ಎಕ್ಸ್ ಇಳಿಯುತ್ತದೆ. ಇಳಿಯುವುದರ ಡಿರೈವೇಟಿವ್ ಮೈನಸ್.

ಇನ್ನು ಕೆಲವು ಸುಲಭದವು. ಬದಲಾಗದ ಸಂಖ್ಯೆಯ ಡಿರೈವೇಟಿವ್ ಸೊನ್ನೆ: ನಿಂತ ಬಸ್ಸಿನ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ದೂರವನ್ನು ಕಿಲೋಮೀಟರ್ ಬದಲು ಮೀಟರಿನಲ್ಲಿ ಅಳೆದರೆ ವೇಗವೂ 1000 ಪಟ್ಟು ದೊಡ್ಡ ಸಂಖ್ಯೆಯಾಗುತ್ತದೆ, ಅಷ್ಟೇ. ಮುಂದೆ ನಿಂತ ಗುಣಕ ಹಾಗೇ ಉಳಿಯುತ್ತದೆ. ಕೂಡಿಸುವುದಕ್ಕೆ ಕಂಡಕ್ಟರನ್ನು ನೋಡಿ. ಓಡುವ ಬಸ್ಸಿನಲ್ಲಿ ಅವರು ಹಿಂದಿನಿಂದ ಮುಂದಕ್ಕೆ ಟಿಕೆಟ್ ಕೊಡುತ್ತಾ ಬರುತ್ತಿದ್ದಾರೆ. ರಸ್ತೆಯ ಲೆಕ್ಕದಲ್ಲಿ ಅವರ ವೇಗ ಅಂದರೆ ಬಸ್ಸಿನ ವೇಗಕ್ಕೆ ಅವರ ನಡಿಗೆಯ ವೇಗ ಸೇರಿಸಿದ್ದು. ಹಿಂದಕ್ಕೆ ಹೋದರೆ ಕಳೆದದ್ದು. ಎರಡು ಬೇರೆ ಬೇರೆ ಡಿರೈವೇಟಿವ್ ಮಾಡಿ ಕೂಡಿಸಿ, ಕಳೆಯಿರಿ.

ತಾಪತ್ರಯ ಶುರುವಾಗುವುದು ಯು, ವಿ ಅನ್ನುವ ಎರಡನ್ನು ಗುಣಿಸುವಾಗ. ಕೂಡಿಸುವಾಗ ಅಷ್ಟು ಸುಲಭವಾದದ್ದು ಗುಣಿಸುವಾಗಲೂ ಸುಲಭ ಇರಬೇಕು ಅಂತ ಮನಸ್ಸು ಹೇಳುತ್ತದೆ. ಹೋದ ವರ್ಷ ಶಂಕರಪುರ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ನೇರವಾಗಿ ಕೇಳಿದಳು: “ಟೀಚರ್, ಯುವನ್ನೂ ವಿಯನ್ನೂ ಬೇರೆ ಬೇರೆ ಡಿರೈವೇಟಿವ್ ಮಾಡಿ ಗುಣಿಸಿದರೆ ಎಂತ ತೊಂದರೆ? ಪ್ಲಸ್ ಇರುವಾಗ ಹಾಗೇ ಮಾಡಿದ್ದೇವಲ್ಲ?”

ಒಳ್ಳೆಯ ಪ್ರಶ್ನೆ. ಲೈಬ್ನಿಟ್ಸ್ ಕೂಡ 1675ರ ನವೆಂಬರಿನಲ್ಲಿ ತನ್ನ ಟಿಪ್ಪಣಿಯಲ್ಲಿ ಇದೇ ಪ್ರಶ್ನೆ ಹಾಕಿಕೊಂಡಿದ್ದ. ಲೆಕ್ಕ ಹಾಕಿ ನೋಡಿ, ಹಾಗಾಗುವುದಿಲ್ಲ ಅಂತ ಕಂಡುಕೊಂಡ. ಹಾಗಾಗಿ ಈ ತಪ್ಪು ಮಾಡಿದ ಮಕ್ಕಳನ್ನು ನಾನು ಯಾವತ್ತೂ ಗದರಿಸುವುದಿಲ್ಲ.

“ನಿಮ್ಮ ಮನೆಯಲ್ಲಿ ಮಲ್ಲಿಗೆ ಉಂಟಲ್ಲ?” ಅಂತ ಕೇಳಿದೆ.

“ಉಂಟು ಟೀಚರ್. ಬೆಳಿಗ್ಗೆ ಕೊಯ್ದು, ಕಟ್ಟಿಯೇ ಬರುವುದು.”

ಉಡುಪಿ ಮಲ್ಲಿಗೆಯ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಾರುವುದು ಅಟ್ಟೆ ಲೆಕ್ಕದಲ್ಲಿ, ರೇಟು ದಿನಾ ಏರಿಳಿಯುತ್ತದೆ. ನಾವು ಬೋರ್ಡಿನ ಮೇಲೆ ಸುಮ್ನೆ ಸುಲಭದ ಸಂಖ್ಯೆ ಹಾಕಿಕೊಂಡೆವು. ಇವತ್ತು 5 ಅಟ್ಟೆ ಹೂ, ಅಟ್ಟೆಗೆ 600 ರೂಪಾಯಿ. ಒಟ್ಟು 3000. ಹೂ ದಿನಕ್ಕೆ ಅರ್ಧ ಅಟ್ಟೆಯಂತೆ ಜಾಸ್ತಿಯಾಗುತ್ತಿದೆ. ರೇಟು ದಿನಕ್ಕೆ 20 ರೂಪಾಯಿಯಂತೆ ಏರುತ್ತಿದೆ. ಹಾಗಾದರೆ ಆದಾಯ ಎಷ್ಟು ವೇಗದಲ್ಲಿ ಏರುತ್ತಿದೆ?

ಅವಳ ದಾರಿಯಲ್ಲಿ ಹೋದರೆ ಅರ್ಧ ಗುಣಿಸು 20, ಅಂದರೆ ದಿನಕ್ಕೆ 10 ರೂಪಾಯಿ. ಅವಳಿಗೇ ಅದು ಸರಿಯೆನಿಸಲಿಲ್ಲ. “ಅರ್ಧ ಅಟ್ಟೆ ಜಾಸ್ತಿ ಬಂದರೇ ಮುನ್ನೂರು ಆಗುತ್ತದೆ” ಅಂದಳು. ಆ ಮಾತಿನಲ್ಲೇ ಗುಣಿಸುವ ರೂಲಿನ, ಅಂದರೆ ಪ್ರಾಡಕ್ಟ್ ರೂಲಿನ, ಅರ್ಧ ಬಂದುಬಿಟ್ಟಿತು. ಜಾಸ್ತಿ ಬಂದ ಅರ್ಧ ಅಟ್ಟೆಗೆ ಇವತ್ತಿನ ರೇಟು ಸಿಗುತ್ತದೆ: ಅರ್ಧ ಗುಣಿಸು 600, ಅಂದರೆ 300. ಮೊದಲೇ ಇದ್ದ 5 ಅಟ್ಟೆಗೆ ಏರಿದ ರೇಟಿನ ಲಾಭ ಸಿಗುತ್ತದೆ: 5 ಗುಣಿಸು 20, ಅಂದರೆ 100. ಒಟ್ಟು ದಿನಕ್ಕೆ 400.

ಸರಿಯಾ ಅಂತ ಪರೀಕ್ಷೆ ಮಾಡಿದೆವು. ನಾಳೆ ಐದೂವರೆ ಅಟ್ಟೆ, ರೇಟು 620. ಗುಣಿಸಿದರೆ 3410. ಇವತ್ತಿಗಿಂತ 410 ಜಾಸ್ತಿ. 400 ಬರಬೇಕಿದ್ದ ಕಡೆ 410 ಯಾಕೆ ಬಂತು? ಆ 10 ರೂಪಾಯಿ ಎಲ್ಲಿಯದು? ಜಾಸ್ತಿ ಬಂದ ಅರ್ಧ ಅಟ್ಟೆಗೆ ಏರಿದ ಆ 20 ರೂಪಾಯಿಯೂ ಸಿಕ್ಕಿತಲ್ಲ, ಅದು. ಚಾಪೆಯ ಮೂಲೆ ಚೌಕ! ಹೂವಿನ ಪ್ರಮಾಣ ಒಂದು ಬದಿ, ರೇಟು ಇನ್ನೊಂದು ಬದಿ ಅಂತ ಆಯತ ಬರೆದರೆ 300 ಒಂದು ಪಟ್ಟಿ, 100 ಇನ್ನೊಂದು ಪಟ್ಟಿ, 10 ಮೂಲೆ. ಇಡೀ ದಿನದ ಬದಲು ದಿನದ ಹತ್ತನೇ ಒಂದು ಭಾಗ ತೆಗೆದುಕೊಂಡರೆ 5.05 ಅಟ್ಟೆ, ರೇಟು 602, ಆದಾಯ 3040.10. ಜಾಸ್ತಿಯಾದದ್ದು 40.10, ದಿನದ ಲೆಕ್ಕಕ್ಕೆ ತಂದರೆ 401. ಮೂಲೆಯ ಪಾಲು 10ರಿಂದ 1ಕ್ಕೆ ಇಳಿಯಿತು. ಇನ್ನೂ ಸಣ್ಣ ಹೆಜ್ಜೆಯಾದರೆ ಅದೂ ಇಲ್ಲ.

ಹುಡುಗಿ ಮೊದಲು ಹೇಳಿದ 10 ರೂಪಾಯಿ ಈ ಮೂಲೆಯೇ. ಉಳಿಯಬೇಕಾದ ಎರಡು ಪಟ್ಟಿಗಳನ್ನು ಬಿಟ್ಟು, ಕರಗಿ ಹೋಗುವ ಮೂಲೆಯನ್ನು ಹಿಡಿದುಕೊಂಡಿದ್ದಳು. ಅದನ್ನು ಅವಳೇ ಬೋರ್ಡಿನ ಹತ್ತಿರ ಬಂದು ಬೆರಳಿಟ್ಟು ತೋರಿಸಿದಳು. ಆಮೇಲೆ ‘ಯು ಇಂಟು ಡಿವಿ ಬೈ ಡಿಎಕ್ಸ್ ಪ್ಲಸ್ ವಿ ಇಂಟು ಡಿಯು ಬೈ ಡಿಎಕ್ಸ್’ ಅನ್ನುವುದನ್ನು ಅವಳಿಗೆ ಬಾಯಿಪಾಠ ಮಾಡಿಸಬೇಕಾಗಿ ಬರಲಿಲ್ಲ.

ಭಾಗಿಸುವ ರೂಲ್ ಹೊಸದೇನಲ್ಲ. ಯು ಬೈ ವಿ ಅಂದರೆ ಯುವನ್ನು 1/ವಿ ಜೊತೆ ಗುಣಿಸಿದ್ದು ತಾನೇ? ಅದಕ್ಕೆ ಪ್ರಾಡಕ್ಟ್ ರೂಲ್ ಹಾಕಿದರೆ ಇದು ಬರುತ್ತದೆ: ಕೆಳಗಿನದು ಇಂಟು ಮೇಲಿನದರ ಡಿರೈವೇಟಿವ್, ಮೈನಸ್ ಮೇಲಿನದು ಇಂಟು ಕೆಳಗಿನದರ ಡಿರೈವೇಟಿವ್, ಎಲ್ಲ ಸೇರಿ ಕೆಳಗಿನದರ ವರ್ಗದಿಂದ ಭಾಗಿಸಿದ್ದು. ಇಲ್ಲಿ ಎಡವುವುದು ಕ್ರಮದಲ್ಲಿ. ಹಿಂದುಮುಂದಾದರೆ ಚಿಹ್ನೆ ಉಲ್ಟಾ ಆಗುತ್ತದೆ. ಮೇಲಿನದು ಏರಿದರೆ ಭಾಗಲಬ್ಧವೂ ಏರಬೇಕು, ಆದ್ದರಿಂದ ಮೇಲಿನದರ ಡಿರೈವೇಟಿವ್ ಇರುವ ಪದಕ್ಕೆ ಪ್ಲಸ್. ಇಷ್ಟು ನೆನಪಿದ್ದರೆ ಸಾಕು.

ಚೈನ್ ರೂಲಿಗೆ ಮತ್ತೆ ಬಸ್ಸಿಗೇ ಹೋಗೋಣ. ಒಂದು ಕಿಲೋಮೀಟರಿಗೆ ಕಾಲು ಲೀಟರ್ ಡೀಸೆಲ್ ಬೇಕು ಅಂತ ಇಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ಓಡುತ್ತಿದೆ. ಗಂಟೆಗೆ ಎಷ್ಟು ಡೀಸೆಲ್? 10 ಲೀಟರ್. ಕಾಲು ಗುಣಿಸು 40 ಅಂತ ಯಾರೂ ಹೇಳಿಕೊಡದೆಯೇ ಗುಣಿಸಿದಿರಿ. ಡೀಸೆಲ್ ದೂರವನ್ನು ನಂಬಿದೆ, ದೂರ ಸಮಯವನ್ನು ನಂಬಿದೆ. ಕೊಂಡಿಗೊಂದು ಕೊಂಡಿ. ಪ್ರತಿ ಕೊಂಡಿಯ ದರವನ್ನೂ ಗುಣಿಸುತ್ತಾ ಹೋಗುವುದೇ ಚೈನ್ ರೂಲ್.

ಪರೀಕ್ಷೆಯಲ್ಲಿ ಇದು (ಎಕ್ಸ್² + 1)³ ಅನ್ನುವ ವೇಷದಲ್ಲಿ ಬರುತ್ತದೆ. ಹೊರಗೆ ಘನ, ಒಳಗೆ ಎಕ್ಸ್² + 1. ಹಲಸಿನ ಹಣ್ಣು ಬಿಡಿಸಿದ ಹಾಗೆ ಹೊರಗಿನಿಂದ ಒಳಕ್ಕೆ ಹೋಗಬೇಕು. ಹೊರಗಿನದರ ಡಿರೈವೇಟಿವ್ 3(ಎಕ್ಸ್² + 1)², ಒಳಗಿನದರದ್ದು 2ಎಕ್ಸ್. ಗುಣಿಸಿದರೆ 6ಎಕ್ಸ್(ಎಕ್ಸ್² + 1)². ಒಳಗಿನ 2ಎಕ್ಸ್ ಬಿಟ್ಟುಹೋಗುವುದು ನಾನು ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಅನುಮಾನ ಬಂದಾಗ (3ಎಕ್ಸ್)² ಬರೆದು ನೋಡಿ. ಬಿಡಿಸಿದರೆ 9ಎಕ್ಸ್², ಅದರ ಡಿರೈವೇಟಿವ್ 18ಎಕ್ಸ್. ಚೈನ್ ರೂಲಿನಲ್ಲಿ 2 ಗುಣಿಸು 3ಎಕ್ಸ್ ಗುಣಿಸು 3, ಅದೂ 18ಎಕ್ಸ್. ಒಳಗಿನ 3 ಮರೆತರೆ 6ಎಕ್ಸ್ ಮಾತ್ರ ಸಿಗುತ್ತದೆ.

ಸೈನ್, ಕೊಸೈನ್ ನೋಡಲು ಉದ್ಯಾವರ ಹೊಳೆಯ ದಡಕ್ಕೆ ಹೋಗಬೇಕು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನೀರಿನ ಮಟ್ಟವನ್ನು ಗ್ರಾಫ್ ಹಾಕಿದರೆ ಸೈನ್ ಅಲೆಯ ಹಾಗೆ ಕಾಣುತ್ತದೆ. ಉಬ್ಬರ ತುದಿ ಮುಟ್ಟಿದಾಗ ಮಟ್ಟ ಸ್ವಲ್ಪ ಹೊತ್ತು ಅಲ್ಲೇ ನಿಂತ ಹಾಗಿರುತ್ತದೆ. ಅತಿ ಬೇಗ ಏರುವುದು, ಇಳಿಯುವುದು ಎರಡರ ನಡುವಿನಲ್ಲಿ. ಸೈನ್ ತುತ್ತತುದಿಯಲ್ಲಿದ್ದಾಗ ಕೊಸೈನ್ ಸೊನ್ನೆ, ಸೈನ್ ಏರುತ್ತಾ ನಡುವಿಗೆ ಬಂದಾಗ ಕೊಸೈನ್ ಅತಿ ಹೆಚ್ಚು. ಸೈನ್‌ನ ಡಿರೈವೇಟಿವ್ ಕೊಸೈನ್, ಕೊಸೈನ್‌ನದ್ದು ಮೈನಸ್ ಸೈನ್. ಆದರೆ ಕೋನ ರೇಡಿಯನ್‌ನಲ್ಲಿ ಇರಬೇಕು (ಪೈ ರೇಡಿಯನ್ ಅಂದರೆ 180 ಡಿಗ್ರಿ). ಡಿಗ್ರಿಯಲ್ಲಿ ಮಾಡಿದರೆ ಪೈ ಬೈ 180 ಅನ್ನುವ ಗುಣಕ ಹೆಚ್ಚಿಗೆ ಬರುತ್ತದೆ, ಅದೂ ಚೈನ್ ರೂಲಿನದೇ ಕೆಲಸ.

ಇ ಪವರ್ ಎಕ್ಸ್ ಬಗ್ಗೆ ಒಂದು ಮಾತು. ಇ ಅಂದರೆ ಸುಮಾರು 2.718. ಇದರ ಡಿರೈವೇಟಿವ್ ಅದೇ ಇ ಪವರ್ ಎಕ್ಸ್. ಎಷ್ಟಿದೆಯೋ ಅಷ್ಟೇ ವೇಗದಲ್ಲಿ ಬೆಳೆಯುತ್ತದೆ. ಇಲ್ಲಿ ಪವರ್ ರೂಲ್ ಹಾಕಬೇಡಿ. ಎಕ್ಸ್ ಕೆಳಗಿದ್ದು ಸಂಖ್ಯೆ ಮೇಲಿದ್ದರೆ ಮಾತ್ರ ಪವರ್ ರೂಲ್. ಸಂಖ್ಯೆ ಕೆಳಗಿದ್ದು ಎಕ್ಸ್ ಮೇಲೆ ಹತ್ತಿದರೆ ಆಟವೇ ಬೇರೆ: 2 ಪವರ್ ಎಕ್ಸ್‌ನ ಡಿರೈವೇಟಿವ್ 2 ಪವರ್ ಎಕ್ಸ್ ಗುಣಿಸು ಸುಮಾರು 0.693. ಆ 0.693 ಅಂದರೆ 2ರ ನ್ಯಾಚುರಲ್ ಲಾಗ್: 2 ಸಿಗಲು ಇ ಮೇಲೆ ಹಾಕಬೇಕಾದ ಪವರ್.

ಎಲ್ಲ ಸೇರಿ ಬಂದಾಗ ಗಾಬರಿಯಾಗುತ್ತದೆ. ಎಕ್ಸ್² ಸೈನ್ 3ಎಕ್ಸ್ ಕೊಟ್ಟರೆ ಎಲ್ಲಿಂದ ಹಿಡಿಯುವುದು? ಎಕ್ಸ್‌ಗೆ ಒಂದು ಬೆಲೆ ಕೊಟ್ಟು ನೀವೇ ಲೆಕ್ಕ ಮಾಡಿದರೆ ಕೊನೆಗೆ ಯಾವ ಕೆಲಸ ಮಾಡುತ್ತೀರಿ ಅಂತ ಕೇಳಿಕೊಳ್ಳಿ. ಎಕ್ಸ್² ಬೇರೆ, ಸೈನ್ 3ಎಕ್ಸ್ ಬೇರೆ ಕಂಡುಹಿಡಿದು ಕೊನೆಗೆ ಗುಣಿಸುತ್ತೀರಿ. ಹಾಗಾದರೆ ಮೊದಲು ಪ್ರಾಡಕ್ಟ್ ರೂಲ್. ಒಂದು ಪಟ್ಟಿ 2ಎಕ್ಸ್ ಸೈನ್ 3ಎಕ್ಸ್. ಇನ್ನೊಂದು ಪಟ್ಟಿಗೆ ಸೈನ್ 3ಎಕ್ಸ್‌ನ ಡಿರೈವೇಟಿವ್ ಬೇಕು, ಅಲ್ಲಿ ಚೈನ್ ರೂಲ್: 3 ಕೊಸೈನ್ 3ಎಕ್ಸ್. ಹಾಗಾಗಿ ಎರಡನೇ ಪಟ್ಟಿ 3ಎಕ್ಸ್² ಕೊಸೈನ್ 3ಎಕ್ಸ್. ಎರಡನ್ನೂ ಕೂಡಿಸಿ ಬರೆಯಿರಿ. ಕೈಬಿಡುವ ಮೊದಲು ಆ 3 ಮುಂದೆ ಇಳಿದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.