ಮಾತಾ ಅಂದರೂ ತಾಯೇ ಅಂದರೂ

ನಮ್ಮೂರನ್ನು ನಾವು ಕರೆಯುವುದು ದುರ್ಗ ಅಂತ. ಬೋರ್ಡಿನಲ್ಲಿ ಚಿತ್ರದುರ್ಗ. ಇಂಗ್ಲಿಷರು ಬರೆದಿಟ್ಟದ್ದು ಚಿತಲ್‌ಡ್ರೂಗ್. ರಾಷ್ಟ್ರಗೀತೆಗಳ ಹೆಸರೂ ಹೀಗೇ ಬಾಯಿಂದ ಬಾಯಿಗೆ ಬದಲಾಗುತ್ತದೆ.

ಇಲ್ಲಿನ ಮಕ್ಕಳು ‘ಜನಗಣಮನ ಆಯ್ತಾ?’ ಅಂತ ಕೇಳುತ್ತಾರೆ. ‘ರಾಷ್ಟ್ರಗೀತೆ ಆಯ್ತಾ?’ ಅನ್ನುವವರು ಕಡಿಮೆ. ಹಾಡಿನ ಮೊದಲ ಪದಗಳೇ ಅದರ ಹೆಸರಾಗಿಬಿಟ್ಟಿವೆ. ಆದರೆ 1911ರ ಡಿಸೆಂಬರ್ 27ರಂದು ಕಲ್ಕತ್ತದ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಈ ಗೀತೆ, ಮರುತಿಂಗಳು ‘ತತ್ತ್ವಬೋಧಿನಿ’ ಪತ್ರಿಕೆಯಲ್ಲಿ ಅಚ್ಚಾದದ್ದು ‘ಭಾರತ ಭಾಗ್ಯ ವಿಧಾತ’ ಎಂಬ ಹೆಸರಲ್ಲಿ. ಬಂಗಾಳಿಗಳ ಬಾಯಲ್ಲಿ ಅದು ‘ಬಿಧಾತಾ’. ‘ಜನಗಣಮನ’ ಅವರಿಗೆ ‘ಜೊನೊಗೊನೊಮೊನೊ’. 1919ರಲ್ಲಿ ಮದನಪಲ್ಲಿಯಲ್ಲಿದ್ದಾಗ ಠಾಗೋರರೇ ಇದನ್ನು ಇಂಗ್ಲಿಷಿಗೆ ತಂದರು. ಅಲ್ಲಿ ಇಟ್ಟ ಹೆಸರು ‘ಭಾರತದ ಬೆಳಗಿನ ಹಾಡು’ ಅನ್ನುವ ಅರ್ಥದ್ದು. ಎಷ್ಟು ಚೆಂದ ಅಲ್ವಾ? ಕನ್ನಡಕ್ಕಂತೂ ಅನುವಾದವೇ ಬೇಕಾಗಲಿಲ್ಲ. ಪದಗಳು ಬಹುಪಾಲು ಸಂಸ್ಕೃತದವು, ನಮಗೂ ಪರಿಚಯ ಇದ್ದವೇ. 1950ರ ಜನವರಿ 24ರಂದು ರಾಷ್ಟ್ರಗೀತೆಯಾದಾಗ ನಾವು ಲಿಪಿ ಮಾತ್ರ ಬದಲಿಸಿಕೊಂಡೆವು.

ನ್ಯೂಜಿಲೆಂಡಿನದು ಬೇರೆ ದಾರಿ. ಇಂಗ್ಲಿಷಿನಲ್ಲಿ ಆ ಹಾಡಿನ ಹೆಸರು ‘ದೇವರೇ, ನ್ಯೂಜಿಲೆಂಡನ್ನು ಕಾಪಾಡು’ ಎನ್ನುವಂತಿದೆ. ಅಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಸುಮ್ನೆ ‘ಆಓಟೆಆರೋಆ’, ಅಂದರೆ ಅವರ ನಾಡಿನ ಹೆಸರು.

ನನ್ನನ್ನು ಜಾಸ್ತಿ ಕಾಡುವುದು ಶ್ರೀಲಂಕಾದ ಕತೆ. ಆನಂದ ಸಮರಕೋನ್ ಸಿಂಹಳದಲ್ಲಿ ಬರೆದ ಹಾಡು ಶುರುವಾಗುತ್ತಿದ್ದದ್ದು ‘ನಮೋ ನಮೋ ಮಾತಾ’ ಎಂದು. ಆ ಆರಂಭದ ಅಕ್ಷರಗಳು ದೇಶಕ್ಕೆ ಅಪಶಕುನ ಅಂತ ಕೆಲವರು ದೂರಿದರು. 1961ರಲ್ಲಿ ಕವಿ ಬೇಡವೆಂದರೂ ಸಾಲು ‘ಶ್ರೀಲಂಕಾ ಮಾತಾ’ ಆಯಿತು. ಅದರ ಜೊತೆ ಹಾಡಿನ ಹೆಸರೂ ಬದಲಾಯಿತು. ಕವಿಗೆ ಅದು ತಡೆಯಲಾರದ ನೋವಾಯಿತು. ಮರುವರ್ಷವೇ ಅವರು ತೀರಿಕೊಂಡರು.

ಅದೇ ಹಾಡು ತಮಿಳಿನಲ್ಲಿ ‘ಶ್ರೀಲಂಕಾ ತಾಯೇ’. ರಾಗವೂ ಅದೇ, ಅರ್ಥವೂ ಅದೇ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾತೆಯೂ ನಮ್ಮ ಪದ, ತಾಯಿಯೂ ನಮ್ಮ ಪದ. ದುರ್ಗದ ಯಾವ ಅಜ್ಜಿಯನ್ನು ಕೇಳಿದರೂ ಎರಡೂ ಒಂದೇ ಅನ್ನುತ್ತಾಳೆ. ಆದರೂ ದಶಕಗಳ ಕಾಲ ಅಲ್ಲಿನ ಸ್ವಾತಂತ್ರ್ಯೋತ್ಸವದ ಸರ್ಕಾರಿ ಸಮಾರಂಭದಲ್ಲಿ ‘ತಾಯೇ’ ಕೇಳಿಸಲಿಲ್ಲ. 2016ರ ಫೆಬ್ರವರಿ 4ರಂದು ತಮಿಳಿನಲ್ಲೂ ಹಾಡಿದಾಗ ಎಷ್ಟೋ ಜನರ ಕಣ್ಣು ತುಂಬಿತು. 2020ರ ಸಮಾರಂಭದಲ್ಲಿ ಮತ್ತೆ ‘ಮಾತಾ’ ಮಾತ್ರ. ತಾಯಿಯನ್ನು ಮನೆಮಾತಿನಲ್ಲಿ ಕರೆಯಬೇಡ ಅಂದಂತೆ ಅದು. ನನಗೆ ಅದು ತಪ್ಪೆಂದೇ ಕಾಣುತ್ತದೆ.