ಹೊಸದಾಗಿ ದಾಖಲಾದ ಕಣಜವೆಂದರೆ ಹೊಸದಾಗಿ ಬಂದ ಕಣಜವಲ್ಲ

ಉಷ್ಣವಲಯದ ಯಾವುದೋ ದೇಶದಲ್ಲಿ ಪರಾವಲಂಬಿ ಕಣಜಗಳ ಹಲವು ಪ್ರಭೇದಗಳು ಮೊದಲ ಬಾರಿಗೆ ದಾಖಲಾಗಿವೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ಕಣಜಗಳನ್ನು ಸಂಗ್ರಹಿಸಿ ಗುರುತಿಸುವ ನನಗೆ ಕೊಡಗಿನ ಸೋಮವಾರಪೇಟೆ, ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರರಿಂದ ಒಂದೆರಡು ಕರೆಗಳಾದರೂ ಬರುತ್ತವೆ. "ಇದು ನಮ್ಮ ತೋಟಕ್ಕೂ ಬರುತ್ತದಾ ಸಾರ್? ಬಂದರೆ ಏನು ಹೊಡೆಯಬೇಕು?" ಎಂಬುದೇ ಪ್ರಶ್ನೆ. ಅವರನ್ನು ತಪ್ಪು ತಿಳಿಯುವಂತಿಲ್ಲ. ಕಾಯಿಕೊರಕ, ಕಾಂಡಕೊರಕಗಳ ಜೊತೆ ಏಗಿದವರಿಗೆ ಹೊಸ ಹುಳು ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಸಿಂಪರಣೆಯ ಪಂಪೇ ನೆನಪಾಗುತ್ತದೆ. ಆದರೆ ಈ ಕಣಜಗಳಲ್ಲಿ ಹೆಚ್ಚಿನವು ಎಷ್ಟೋ ಕಾಲದಿಂದ ನಮ್ಮ ಗಿಡಗಳ ಮೇಲೆಯೇ ಇರುವಂಥವು, ಮತ್ತು ಪಂಪು ಎತ್ತಿಕೊಂಡರೆ ಮೊದಲು ಸಾಯುವವೂ ಅವೇ.

ಪರಾವಲಂಬಿ ಎಂದೊಡನೆ ಕೊಡಗಿನವರಿಗೆ ಜಿಗಣೆ ನೆನಪಾಗುವುದು ಸಹಜ. ಜಿಗಣೆಯಾದರೋ ರಕ್ತ ಕುಡಿದು ಉದುರಿಬೀಳುತ್ತದೆ, ಕಚ್ಚಿಸಿಕೊಂಡವರು ಬದುಕಿಯೇ ಇರುತ್ತಾರೆ. ಈ ಕಣಜಗಳ ವ್ಯವಹಾರ ಅಷ್ಟು ಸೌಮ್ಯವಲ್ಲ. ಹೆಣ್ಣು ಇನ್ನೊಂದು ಕೀಟದ ಮೊಟ್ಟೆಯ, ಮರಿಯ ಅಥವಾ ಪ್ರೌಢ ಕೀಟದ ಒಳಗೋ ಮೇಲೋ ಮೊಟ್ಟೆಯಿಡುತ್ತದೆ, ಅದರಿಂದ ಹೊರಬಂದ ಮರಿ ಆಸರೆ ಕೊಟ್ಟ ಕೀಟವನ್ನೇ ತಿಂದು ಮುಗಿಸುತ್ತದೆ. ಕಾಫಿ ಕಾಯಿಕೊರಕದ ಮೇಲೆ ಬಾಳುವ ಫೈಮಾಸ್ಟಿಕಸ್ ಕಾಫಿಯಾ ಎಂಬ ಆಫ್ರಿಕಾ ಮೂಲದ ಕಣಜ ಸುಮಾರು 1 ಮಿಲಿಮೀಟರ್ ಉದ್ದದ್ದು, ರಾಗಿಕಾಳಿನ ಪಕ್ಕದಲ್ಲಿಟ್ಟರೆ ರಾಗಿಯೇ ದಪ್ಪ ಕಾಣುತ್ತದೆ. ಕೊರಕದ ಹೆಣ್ಣು ಕಾಯಿಯ ತುದಿಯಲ್ಲಿ ತೂತು ಮಾಡುತ್ತಿರುವ ಹೊತ್ತಿಗೆ ಈ ಕಣಜ ಅದರ ಮೇಲೇರಿ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ. ಒಂದರಿಂದ ಹುಟ್ಟುವ ಹೆಣ್ಣುಮರಿ ಆ ಕೊರಕ ದುಂಬಿಯ ಹೊಟ್ಟೆಯಲ್ಲಿಯೂ ಇನ್ನೊಂದರಿಂದ ಹುಟ್ಟುವ ಗಂಡು ಅದರ ಎದೆಯ ಭಾಗದಲ್ಲಿಯೂ ಬೆಳೆಯುತ್ತವೆ. ಒಂದೂವರೆ ಮಿಲಿಮೀಟರಿನ ದುಂಬಿಯೊಳಗೆ ಎರಡು ಕೋಣೆಯ ಸಂಸಾರ!

ಈಗ ದಾಖಲೆಯ ಮಾತು. "ಹೊಸ ಪ್ರಭೇದ" ಎಂದರೆ ವಿಜ್ಞಾನದಲ್ಲಿ ಇದುವರೆಗೆ ಹೆಸರೇ ಇಲ್ಲದಿದ್ದ ಜೀವಿ. "ಹೊಸ ದಾಖಲೆ" ಎಂದರೆ ಬೇರೆಲ್ಲೋ, ಕೆಲವೊಮ್ಮೆ ನೂರು ವರ್ಷಗಳ ಹಿಂದೆಯೇ ಹೆಸರು ಪಡೆದು, ಈ ದೇಶದಲ್ಲಿ ಮೊದಲ ಬಾರಿ ಕಂಡುಬಂದದ್ದು. ಮೂರನೆಯದು ನಾವೇ ತಂದು ಬಿಟ್ಟದ್ದು. ಸುದ್ದಿಯ ತಲೆಬರಹದಲ್ಲಿ ಈ ಮೂರೂ ಒಂದೇ ಆಗಿಬಿಡುತ್ತವೆ. ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡಾಗ ಆ ದಾಖಲೆಯ ಅರ್ಥ ನಿಜವಾಗಿಯೂ "ಬಂದಿದೆ" ಎಂದೇ ಆಗಿತ್ತು, ಕೊಡಗಿಗೂ ಅದು ಬೇಗನೆ ತಲುಪಿತು. ಅದರ ಬೆನ್ನಿಗೆ ಆ ದಶಕದಲ್ಲೇ ಮೆಕ್ಸಿಕೋದಿಂದ ತರಿಸಿದ ಸೆಫಲೋನೋಮಿಯಾ ಸ್ಟೆಫಾನೊಡೆರಿಸ್ ಎಂಬ ಕಣಜ ಮೂರನೆಯ ಗುಂಪಿನದು. ಆದರೆ ಉಷ್ಣವಲಯದಿಂದ ಬರುವ ಕಣಜಗಳ ಹೊಸ ದಾಖಲೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಸರಳವಾದದ್ದು. ಅಲ್ಲಿ ಅದುವರೆಗೆ ಯಾರೂ ಹುಡುಕಿರಲಿಲ್ಲ.

ಹೆಸರು ಇಷ್ಟೊಂದು ಮುಖ್ಯವೇ ಎಂದು ಕೇಳುವವರಿಗೆ ನಮ್ಮ ಹಾಲುವಾಣದ ಮರವನ್ನೇ ತೋರಿಸುತ್ತೇನೆ. ಅದರ ಚಿಗುರು, ತೊಟ್ಟುಗಳಲ್ಲಿ ಗಂಟು ಎಬ್ಬಿಸಿ, ಕಾಫಿಗೆ ನೆರಳೂ ಮೆಣಸಿನ ಬಳ್ಳಿಗೆ ಆಸರೆಯೂ ಆದ ಮರವನ್ನು ಸೊರಗಿಸುವುದು ಕ್ವಾಡ್ರಾಸ್ಟಿಕಸ್ ಎರಿತ್ರಿನೇ ಎಂಬ ಪುಟ್ಟ ಕಣಜ. ಸಿಂಗಪುರ, ಮಾರಿಷಸ್, ರಿಯೂನಿಯನ್‌ಗಳ ಮಾದರಿಗಳಿಂದ ಅದಕ್ಕೆ 2004ರಲ್ಲಿ ಹೆಸರಿಡಲಾಯಿತು, ಕೆಲವೇ ವರ್ಷಗಳಲ್ಲಿ ಅದು ದಕ್ಷಿಣ ಭಾರತದಲ್ಲೂ ದಾಖಲಾಯಿತು. ಅದೇ ಕುಲದ ಕ್ವಾಡ್ರಾಸ್ಟಿಕಸ್ ಮೆಂಡೆಲಿ ನೀಲಗಿರಿ ಮರದ ಗಂಟು ಕಣಜವನ್ನು ಕೊಲ್ಲುವ ಉಪಕಾರಿ. ಎರಡನ್ನೂ ಅಂಗೈ ಮೇಲಿಟ್ಟರೆ ಬರಿಗಣ್ಣಿಗೆ ಎರಡು ಚುಕ್ಕೆಗಳಷ್ಟೇ.

ಕಾಫಿಯ ಲೋಕದಲ್ಲೇ ಇದಕ್ಕಿಂತ ದುಬಾರಿಯಾದ ಪಾಠವೊಂದಿದೆ. 1920ರ ದಶಕದಲ್ಲಿ ಕೀನ್ಯಾದ ಕಾಫಿ ಸೀಮೆಯಲ್ಲಿ ಹಿಟ್ಟು ತಿಗಣೆ, ಅಂದರೆ ಮೈಗೆ ಬಿಳಿ ಹಿಟ್ಟು ಮೆತ್ತಿದಂತಿರುವ ರಸ ಹೀರುವ ಕೀಟ, ವಿಪರೀತ ಹಬ್ಬಿತು. ಅದನ್ನು ಮೊದಲು ಪ್ಲಾನೊಕಾಕಸ್ ಸಿಟ್ರಿ ಎಂದೂ ಆಮೇಲೆ ಪ್ಲಾನೊಕಾಕಸ್ ಲೈಲಾಸಿನಸ್ ಎಂದೂ ಗುರುತಿಸಿದರು. ಎರಡೂ ಕೊಡಗಿನ ಕಾಫಿಯಲ್ಲಿ ಇರುವ ತಿಗಣೆಗಳೇ ಆದ್ದರಿಂದ ಆ ತಪ್ಪು ಎಷ್ಟು ಸುಲಭದ್ದೆಂದು ನಮಗೆ ಅರ್ಥವಾಗುತ್ತದೆ. ತಿಗಣೆ ಏಷ್ಯಾದ್ದೆಂದು ತೀರ್ಮಾನವಾದ ಮೇಲೆ ಅದರ ಶತ್ರುಗಳನ್ನೂ ಏಷ್ಯಾದಲ್ಲಿಯೇ ಹುಡುಕುವುದು ತಾನೇ ಕ್ರಮ? ಹಾಗೆಯೇ ವರ್ಷಗಟ್ಟಲೆ ಹುಡುಕಿ, ಹಡಗಿನಲ್ಲಿ ತಂದ ಪರಾವಲಂಬಿಗಳು ಕೀನ್ಯಾದ ತಿಗಣೆಯ ಮೇಲೆ ನೆಲೆಯೂರಲೇ ಇಲ್ಲ. ಲೆ ಪೆಲ್ಲಿ ಎಂಬ ಕೀಟಶಾಸ್ತ್ರಜ್ಞರು 1935ರಲ್ಲಿ ಅದು ಬೇರೆಯೇ ಪ್ರಭೇದವೆಂದು ತೋರಿಸಿ ಕೆನಿಯೇ ಎಂದು ಹೆಸರಿಟ್ಟರು. ಅದರ ತವರು ನೆರೆಯ ಉಗಾಂಡದ ಕಡೆ ಎಂದೂ ಗೊತ್ತಾಯಿತು. 1938ರಲ್ಲಿ ಉಗಾಂಡದಿಂದ ತಂದ ಅನಾಗೈರಸ್ ಕುಲದ ಕಣಜ ಒಂದೂವರೆ ದಶಕದಷ್ಟು ಹಳೆಯದಾಗಿದ್ದ ಆ ಪೀಡೆಯನ್ನು ಹತೋಟಿಗೆ ತಂದಿತು. ಮದ್ದು ಪಕ್ಕದ ಸೀಮೆಯಲ್ಲೇ ಇತ್ತು, ತಪ್ಪು ಹೆಸರು ಎಲ್ಲರನ್ನೂ ಸಮುದ್ರದಾಚೆಗೆ ಅಲೆಸಿತು.

ಇಂಥ ಗೊಂದಲವನ್ನು ಬಿಡಿಸುವುದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಪತಂಗಗಳ ಮೊಟ್ಟೆಯೊಳಗೆ ಬೆಳೆಯುವ ಟ್ರೈಕೊಗ್ರಾಮಾ ಕಣಜಗಳನ್ನು ಬಹಳ ಕಾಲ ಬಣ್ಣ, ರೋಮಗಳನ್ನು ನೋಡಿ ವಿಂಗಡಿಸುತ್ತಿದ್ದರು, ಬಣ್ಣವೋ ಸಾಕಿದ ಜಾಗದ ಬಿಸಿಲು ಚಳಿಗೆ ತಕ್ಕಂತೆ ಬದಲಾಗುತ್ತಿತ್ತು. ಗಂಡಿನ ಜನನಾಂಗದ ರಚನೆಯೇ ನಂಬಬಹುದಾದ ಗುರುತು ಎಂಬುದನ್ನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು 1960ರ ದಶಕದ ಕೊನೆಯಿಂದ 1971ರ ವರೆಗಿನ ಬರಹಗಳಲ್ಲಿ ಸ್ಥಾಪಿಸಿದರು. ಇಂದು ರೈತರು ಈ ಕಣಜಗಳಿರುವ ಮೊಟ್ಟೆಗಳನ್ನು ಅಂಟಿಸಿದ ಟ್ರೈಕೊ ಕಾರ್ಡ್ ಕೊಂಡು ಗದ್ದೆಯಲ್ಲಿ ಕಟ್ಟುವಾಗ ಅದರೊಳಗಿನ ಕಣಜ ಯಾವುದೆಂದು ಹೇಳಲು ಸಾಧ್ಯವಾಗಿರುವುದರ ಹಿಂದೆ ಈ ಕೆಲಸವಿದೆ.

ನನ್ನ ಕೆಲಸ ಇದರ ಮೊದಲ ಮೆಟ್ಟಿಲಿನದು. ನೀರಿಗೆ ಎರಡು ಹನಿ ಸೋಪು ಬೆರೆಸಿದ ಹಳದಿ ಬಟ್ಟಲುಗಳನ್ನು ಕಾಫಿ ಗಿಡದ ಬುಡದಲ್ಲಿಟ್ಟರೆ ಬಣ್ಣಕ್ಕೆ ಮರುಳಾದ ಕಣಜಗಳು ಬಂದು ಬೀಳುತ್ತವೆ. ಕೊಡಗಿನ ಆಟಿ ತಿಂಗಳ ಮಳೆಯಲ್ಲಿ ಬಟ್ಟಲು ತುಂಬಿ ಹರಿದು ಎಲ್ಲವೂ ಕೊಚ್ಚಿಹೋಗುವುದರಿಂದ ಮಳೆ ಹಿಂದೆಗೆದ ಮೇಲೆಯೇ ಈ ಕೆಲಸ. ಜಿಲ್ಲೆಯಲ್ಲಿ ಸುಮಾರು 1,200 ದೇವರಕಾಡುಗಳಿವೆ, ತೋಟದಂಚಿನ ಅಂಥ ಕಾಡುಗಳಲ್ಲಿ ಸಿಗುವ ವೈವಿಧ್ಯವೇ ಬೇರೆ. ಆದರೆ ದೇವಸ್ಥಾನದ ಮುಖ್ಯಸ್ಥರಾದ ಊರಿನ ದೇವತಕ್ಕರ ಒಪ್ಪಿಗೆಯಿಲ್ಲದೆ ಅಲ್ಲಿ ಒಂದು ಬಟ್ಟಲನ್ನೂ ಇಡುವುದಿಲ್ಲ, ಇಡಲೂಬಾರದು.

ಬಟ್ಟಲಿನಲ್ಲಿ ಬಿದ್ದ ಕಣಜ ಈ ಜಾಗದಲ್ಲಿ ತಾನಿದ್ದೇನೆ ಎಂದಷ್ಟೇ ಹೇಳುತ್ತದೆ, ಏನನ್ನು ತಿಂದು ಬೆಳೆಯಿತೆಂದು ಹೇಳುವುದಿಲ್ಲ. ಅದು ಬೇಕಾದರೆ ಪೀಡೆಗೊಳಗಾದ ಕೀಟವನ್ನೇ ತಂದು, ಕಣಜ ಹೊರಬರುವವರೆಗೆ ಸಾಕಬೇಕು. ಇಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಕಿತ್ತಳೆ ಗಿಡದಿಂದ ತಂದ, ಒಣಗಿ ಗಟ್ಟಿಯಾದ ಹಿಟ್ಟು ತಿಗಣೆಗಳನ್ನೆಲ್ಲ ಒಂದೇ ಸೀಸೆಯಲ್ಲಿಟ್ಟು, ಹೊರಬಂದ ಎರಡು ಬಗೆಯ ಕಣಜಗಳನ್ನೂ ತಿಗಣೆಯ ಶತ್ರುಗಳೆಂದು ಬರೆದುಕೊಂಡೆ. ಎರಡನೆಯದು ಮೊದಲನೆಯದರ ಮರಿಯನ್ನು ತಿಂದು ಬೆಳೆದ ಪರಾವಲಂಬಿಯ ಪರಾವಲಂಬಿಯಾಗಿತ್ತು. ತಿಗಣೆಗಳನ್ನು ಒಂದೊಂದಾಗಿ ಬೇರೆ ಬೇರೆ ಕೊಳವೆಯಲ್ಲಿಟ್ಟು ಒಡೆದ ಸಿಪ್ಪೆಯನ್ನು ನೋಡಿದ್ದರೆ ಅದು ಅಂದೇ ತಿಳಿಯುತ್ತಿತ್ತು. ಮೊದಲನೆಯದಾದ ಲೆಪ್ಟೊಮಾಸ್ಟಿಕ್ಸ್ ಡ್ಯಾಕ್ಟಿಲೋಪಿಯನ್ನು ಇಲ್ಲಿನ ಹಳಬನೆಂದು ಭಾವಿಸಿದ್ದೂ ತಪ್ಪೇ. ಅದನ್ನು 1983ರಲ್ಲಿ ಟ್ರಿನಿಡಾಡ್‌ನಿಂದ ತಂದು ಬಿಡಲಾಗಿತ್ತು.

ಹೆಸರಿಡುವ ವೇಗದ ಬಗ್ಗೆ ನಮ್ಮವರಲ್ಲೇ ಜಗಳವಿದೆ. ಮಧ್ಯ ಅಮೆರಿಕದ ಕೋಸ್ಟರಿಕಾದ ಬ್ರಾಕೋನಿಡ್ ಎಂಬ ಪರಾವಲಂಬಿ ಕುಟುಂಬದ ಕಣಜಗಳ 403 ಹೊಸ ಪ್ರಭೇದಗಳನ್ನು 2021ರಲ್ಲಿ ಒಂದೇ ಪ್ರಬಂಧದಲ್ಲಿ, ಹೆಚ್ಚಿನವನ್ನು ಡಿಎನ್‌ಎ ಬಾರ್‌ಕೋಡ್ (ಪ್ರಭೇದವನ್ನು ಗುರುತಿಸಲು ಓದುವ ಡಿಎನ್‌ಎಯ ಒಂದು ತುಣುಕು) ಮತ್ತು ಚಿತ್ರದ ಬಲದ ಮೇಲೆಯೇ ಹೆಸರಿಸಲಾಯಿತು. ಒಂದೊಂದಕ್ಕೂ ಹಲವು ಪುಟಗಳ ವರ್ಣನೆ ಬರೆಯುತ್ತ ಕುಳಿತರೆ ಕಾಡು ಮುಗಿದಮೇಲೆ ಪಟ್ಟಿ ಸಿದ್ಧವಾಗುತ್ತದೆ ಎಂಬ ಆ ಪ್ರಬಂಧಕಾರರ ಆತುರ ನನಗೆ ಅರ್ಥವಾಗುತ್ತದೆ. ಆದರೂ ಸೂಕ್ಷ್ಮದರ್ಶಕವೊಂದೇ ಇರುವ ತಾಲ್ಲೂಕು ಮಟ್ಟದ ಕೆಲಸಗಾರನಿಗೆ, ಕೊಂಬಿನ ಗಿಣ್ಣು ಎಷ್ಟು, ರೆಕ್ಕೆಯ ನರ ಹೇಗೆ ಎಂಬ ವಿವರವಿಲ್ಲದ ಹೆಸರು ಬೀಗದ ಕೈ ಇಲ್ಲದ ಪೆಟ್ಟಿಗೆಯಿದ್ದಂತೆ. ಬಾರ್‌ಕೋಡ್ ಇರಲಿ, ಜೊತೆಗೆ ನಾಲ್ಕು ಸಾಲಿನ ವರ್ಣನೆಯೂ ಇರಲಿ ಎಂಬುದು ನನ್ನ ಪಕ್ಷ.

ಬೆಳೆಗಾರರು ಮಾದರಿ ಕಳುಹಿಸುವುದಾದರೆ, ಕಂದಾಗಿ ಉಬ್ಬಿದ ತಿಗಣೆಗಳಿರುವ ಕಡ್ಡಿಯನ್ನು ಅಲುಗಿಸದೆ ಕತ್ತರಿಸಿ, ಬಾಯಿಗೆ ಹತ್ತಿ ತುರುಕಿದ ಒಣ ಸೀಸೆಯಲ್ಲಿ ಹಾಕಿ. ಇರುವೆಗಳನ್ನು ಮೊದಲು ಕೊಡವಿ, ಜೇನಿನಂಥ ಸಿಹಿಗಾಗಿ ತಿಗಣೆಯನ್ನು ಕಾಯುವ ಅವು ಕಣಜಗಳನ್ನು ಹತ್ತಿರ ಬರಗೊಡುವುದಿಲ್ಲ. ಯಾವ ಗಿಡ, ಯಾವ ಊರು, ಯಾವ ದಿನ, ಕೊನೆಯ ಬಾರಿ ಏನು ಹೊಡೆದದ್ದು ಎಂಬುದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಸೀಸೆಯೊಳಗೇ ಇಡಿ. ಮುಂದೆ ಅದೇ ಚೀಟಿ ಕಣಜದ ಜೊತೆ ಆಲ್ಕೋಹಾಲಿಗೆ ಇಳಿಯುತ್ತದೆ, ಅಲ್ಲಿ ಪೆನ್ನಿನ ಶಾಯಿ ಕರಗಿಹೋಗುತ್ತದೆ. ನನ್ನ ಕಪಾಟಿನಲ್ಲಿ ಹಾಲುವಾಣದ ಗಂಟಿನಿಂದ ಹೊರಬಂದ, ಇನ್ನೂ ಹೆಸರಾಗದ ಕಣಜಗಳ ಸೀಸೆಯೊಂದಿದೆ. ಅದರೊಳಗಿನ ಚೀಟಿ ಸ್ವಚ್ಛವಾಗಿ, ಖಾಲಿಯಾಗಿ ತೇಲುತ್ತಿದೆ.