ಸೆಕೆಯಲ್ಲ, ಆಕ್ಸಿಜನ್ ನೋಡಿಕೊಳ್ಳಿ

ದಾವಣಗೆರೆಯ ಏಪ್ರಿಲ್‌ನಲ್ಲಿ ಲ್ಯಾಬಿನ ಏಸಿ ಕೈಕೊಟ್ಟರೆ ಎಂಎಸ್ಸಿ ಹುಡುಗರಿಗೆ ದಿಗಿಲು: "ಸರ್, ಈ ಸೆಕೆಗೆ ರೀಡಿಂಗ್ ಕೆಡಲ್ವಾ?" ಮಾಮೂಲಿ ಫ್ಲೋರೆಸೆನ್ಸ್ (ಬೆಳಕು ಹೀರಿದ ಕೂಡಲೇ ಮತ್ತೆ ಬೆಳಕು ಚೆಲ್ಲುವುದು) ಆದರೆ ಕೇಳಬೇಕಾದ ಪ್ರಶ್ನೆಯೇ. ಆದರೆ ತಡವಾಗಿ ಬೆಳಗುವ ಕೆಲವು ಸಾವಯವ ಅಣುಗಳಿಗೆ ಶಾಖವೇ ಆಸರೆ.

ಬೆಳಕು ಹೀರಿದ ಅಣು ಮೊದಲು ಸಿಂಗ್ಲೆಟ್ ಎಂಬ, ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ಎದುರುಬದುರಾಗಿರುವ ಹೆಚ್ಚು ಶಕ್ತಿಯ ಸ್ಥಿತಿಗೇರುತ್ತದೆ. ಅಲ್ಲಿಂದ ನ್ಯಾನೊಸೆಕೆಂಡುಗಳಲ್ಲಿ ಬೆಳಕು ಚೆಲ್ಲಿ ಇಳಿಯಬಹುದು, ಇಲ್ಲವೇ ಸ್ಪಿನ್ ಬದಲಿಸಿ, ಎರಡೂ ಸ್ಪಿನ್ ಒಂದೇ ದಿಕ್ಕಿಗಿರುವ ತುಸು ಕೆಳಗಿನ ಟ್ರಿಪ್ಲೆಟ್‌ಗೆ ಜಾರಬಹುದು. ಎಲ್‌ಇಡಿಯಂತೆ ಕರೆಂಟ್ ಹಾಯಿಸಿದಾಗಲಂತೂ ನಾಲ್ಕರಲ್ಲಿ ಮೂರು ಪಾಲು ಟ್ರಿಪ್ಲೆಟ್‌ಗೇ ಹೋಗುತ್ತದೆ. ಸಾಮಾನ್ಯವಾಗಿ ಬೆಳಕಾಗದೆ ಹೋಗುವ ಈ ಮುಕ್ಕಾಲು ಪಾಲನ್ನು ದಕ್ಕಿಸಿಕೊಳ್ಳಲು ಇರಿಡಿಯಂನಂಥ ದುಬಾರಿ ಲೋಹ ಬೇಕಿತ್ತು. 2012ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಚಿಹಾಯ ಅದಾಚಿ ತಂಡ ಲೋಹವಿಲ್ಲದ 4ಸಿಜೆಡ್‌ಐಪಿಎನ್ ಎಂಬ ಅಣುವಿನಿಂದ ಅದನ್ನು ಸಾಧಿಸಿತು. ಅಣುವಿನಲ್ಲಿ ಎಲೆಕ್ಟ್ರಾನ್ ಕೊಡುವ ಕಾರ್ಬಜೋಲ್ ಎಂಬ ಭಾಗಗಳು ಅದನ್ನು ಎಳೆದುಕೊಳ್ಳುವ ನಡುವಿನ ಉಂಗುರಕ್ಕೆ ಓರೆಯಾಗಿ ನಿಲ್ಲುವುದರಿಂದ ಎರಡು ಸ್ಥಿತಿಗಳ ಶಕ್ತಿಯ ಅಂತರ ಬರೀ 83 ಮಿಲಿ ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಯುತ್ತದೆ. ಕೋಣೆಯ ಶಾಖವೇ ಅಣುವನ್ನು ಮತ್ತೆ ಸಿಂಗ್ಲೆಟ್‌ಗೆ ಏರಿಸಲು ಇಷ್ಟು ಸಾಕು. ಬೆಳಕು ಅದೇ ಬಣ್ಣದ್ದು, ಮೈಕ್ರೊಸೆಕೆಂಡುಗಳಷ್ಟು ತಡ.

ಸೆಕೆಯ ಲೆಕ್ಕ ಹಾಕೋಣ. 20 ಡಿಗ್ರಿಯಿಂದ 38ಕ್ಕೆ ಏರಿದರೆ, ಇಷ್ಟು ಅಂತರವಿರುವಾಗ ಟ್ರಿಪ್ಲೆಟ್‌ನಿಂದ ಸಿಂಗ್ಲೆಟ್‌ಗೆ ಮರಳುವ ವೇಗ ಸುಮಾರು ಶೇ 20ರಷ್ಟು ಹೆಚ್ಚುತ್ತದೆ. ಬೆಳಕೂ ಶೇ 20 ಕೂಡುತ್ತದೆಯೇ? ಇಲ್ಲ. ಟೊಲ್ಯೂನ್ ದ್ರಾವಣದಲ್ಲಿ ಬಹುಪಾಲು ಅಣುಗಳು ಮೊದಲೇ ಮರಳುತ್ತಿರುತ್ತವೆ. ಕಡಿಮೆಯಾಗುವುದು ತಡದ ಅವಧಿ. ಹಾಗಾಗಿ ತಾಪಮಾನ ಬರೆಯದ ಅವಧಿಯ ಅಂಕಿಯನ್ನು ನಾನು ರೆಕಾರ್ಡಿಗೆ ಒಪ್ಪುವುದಿಲ್ಲ.

ನಿಜವಾಗಿ ಕೆಡಿಸುವುದು ಗಾಳಿ. ಆಕ್ಸಿಜನ್‌ನ ಸಹಜ ಸ್ಥಿತಿಯೇ ಟ್ರಿಪ್ಲೆಟ್ ಆದ್ದರಿಂದ ಮೈಕ್ರೊಸೆಕೆಂಡು ಕಾದಿರುವ ಅಣುವಿನ ಶಕ್ತಿಯನ್ನು ಅದು ಸಲೀಸಾಗಿ ಕಿತ್ತುಕೊಳ್ಳುತ್ತದೆ. ತೆರೆದ ಕ್ಯುವೆಟ್‌ಗೆ (ದ್ರಾವಣ ತುಂಬುವ ಪುಟ್ಟ ಪಾರದರ್ಶಕ ಪಾತ್ರೆ) ಯುವಿ ಟಾರ್ಚ್ ಹಿಡಿದರೆ ಮಂಕು ಹಸಿರು; ತೆಳು ಸೂಜಿಯಿಂದ ನೈಟ್ರೋಜನ್ ಗುಳ್ಳೆ ಬಿಡುತ್ತಾ ಹೋದಂತೆ ಅದೇ ದ್ರಾವಣ ಕಣ್ಣು ಕುಕ್ಕುವಂತಾಗುತ್ತದೆ. ಟೊಲ್ಯೂನ್ ಆರಿ ಸಾಂದ್ರತೆ ಏರದಂತೆ ಗುಳ್ಳೆ ನಿಧಾನವಿರಲಿ. ಮುಚ್ಚಳ ಸಡಿಲಿದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಈ ತಡದ ಬೆಳಕು ಫಾಸ್ಫರೆಸೆನ್ಸ್ (ಟ್ರಿಪ್ಲೆಟ್‌ನಿಂದಲೇ ನೇರವಾಗಿ ಹೊಮ್ಮುವ ಬೆಳಕು) ಇರಬಹುದೇ ಎಂಬ ಅನುಮಾನ ಬಂದರೆ ದ್ರವ ನೈಟ್ರೋಜನ್‌ನಲ್ಲಿ 77 ಕೆಲ್ವಿನ್‌ಗೆ ತಣಿಸಿ. ಶಾಖದ ಆಸರೆಯ ಬೆಳಕು ಅಡಗುತ್ತದೆ. ಫಾಸ್ಫರೆಸೆನ್ಸ್ ಇದ್ದರೆ ತುಸು ಕೆಂಪಿನತ್ತ ಸರಿದು, ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ.